ಬ್ಯಾಸ್ಕೆಟ್‌ಬಾಲ್ ಮ್ಯಾಚ್‌ನಲ್ಲಿ ಡಿಫೆಂಡರ್‌ನನ್ನು ದಾಟಲು ಯಾವ ಡ್ರಿಬ್ಲಿಂಗ್ ಮೊದಲು ಕಲಿಯಬೇಕು?

ವಿರಾಜಪೇಟೆಯಲ್ಲಿ ಪಿಯುಸಿ ಓದುತ್ತಿದ್ದೀರಿ. ವಿಡಿಯೊ ನೋಡಿ ಕ್ರಾಸ್‌ಓವರ್ (ಮೈಮುಂದೆ ಬಾಲ್ ಪುಟಿಸಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದು), ಸ್ಪಿನ್, ಬೆನ್ನ ಹಿಂದಿನಿಂದ ಬಾಲ್ ದಾಟಿಸುವುದು ಎಲ್ಲಾ ಕಲಿತಿದ್ದೀರಿ. ಆದರೂ ಮ್ಯಾಚ್‌ನಲ್ಲಿ ಒಬ್ಬ ಎದುರು ನಿಂತರೆ ಬಾಲ್ ಕಳೆದುಕೊಳ್ಳುತ್ತೀರಿ, ಅಲ್ವಾ? ಗೋಣಿಕೊಪ್ಪದಲ್ಲಿ ಸಂಜೆ ಹೊತ್ತು ಹುಡುಗರಿಗೆ ಆಟ ಹೇಳಿಕೊಡುತ್ತೇನೆ. ನನ್ನ ಪ್ರಕಾರ ನಿಮಗೆ ಹೊಸದೇನೂ ಬೇಡ. ಕ್ರಾಸ್‌ಓವರ್ ಒಂದನ್ನೇ ಇಟ್ಟುಕೊಳ್ಳಿ. ಬಾಲ್ ನೋಡುವುದು ಬಿಟ್ಟು ಎದುರಿನವನ ಪಾದ ನೋಡಿ.

ಡಿಫೆಂಡರ್ ಸಾಮಾನ್ಯವಾಗಿ ಒಂದು ಕಾಲು ಮುಂದಿಟ್ಟು ನಿಲ್ಲುತ್ತಾನೆ. ಆ ಮುಂದಿನ ಕಾಲಿನ ಕಡೆಗೇ ನುಗ್ಗಬೇಕು. ಆಗ ಅವನು ಆ ಕಾಲನ್ನು ಹಿಂದಕ್ಕೆ ತಂದು, ಸೊಂಟ ತಿರುಗಿಸಿ, ಆಮೇಲೆ ಓಡಬೇಕು. ಅಷ್ಟು ಹೊತ್ತು ನಿಮಗೆ ಸಾಕು. ಹಿಂದಿನ ಕಾಲಿನ ಕಡೆಗೆ ಹೋದರೆ ಅವನು ಸುಮ್ನೆ ಜಾರಿಕೊಂಡು ಬಂದು ಅಡ್ಡ ನಿಲ್ಲುತ್ತಾನೆ. ಎರಡೂ ಕಾಲು ಸಮ ಇಟ್ಟಿದ್ದರೆ? ಆಗ ಹೆಸಿಟೇಶನ್. ಓಟ ನಿಧಾನಿಸಿ, ಮೈ ಸ್ವಲ್ಪ ಮೇಲೆತ್ತಿ, ರಿಂಗ್ ಕಡೆ ನೋಡಿ. ಶಾಟ್ ಹೊಡೆಯುತ್ತೀರಿ ಅಂದುಕೊಂಡು ಅವನು ಒಂದು ಹೆಜ್ಜೆ ಮುಂದೆ ಬರುತ್ತಾನೆ. ಬಂದ ತಕ್ಷಣ ಹೊರಡಿ.

ಕ್ರಾಸ್‌ಓವರ್ ಮಾಡುವಾಗ ಬಾಲ್ ಮೊಣಕಾಲಿಗಿಂತ ಕೆಳಗೇ ದಾಟಬೇಕು. ಅವನ ಕೈಗೆ ಸಿಗುವಷ್ಟು ಹತ್ತಿರ ಹೋಗಿ ಮಾಡಬೇಡಿ. ತೀರಾ ದೂರದಿಂದ ಮಾಡಿದರೆ ಅವನು ಕದಲುವುದೇ ಇಲ್ಲ. ಬಾಲ್ ದಾಟಿದ ಮೇಲಿನ ಮೊದಲ ಹೆಜ್ಜೆ ಉದ್ದವಾಗಿರಲಿ, ನಿಮ್ಮ ಭುಜ ಅವನ ಸೊಂಟದ ಪಕ್ಕ ಹಾದುಹೋಗಲಿ. ಹೆಚ್ಚಿನವರು ಇಲ್ಲೇ ಅಗಲವಾಗಿ ಸುತ್ತು ಹಾಕಿ ಗಳಿಸಿದ್ದನ್ನು ಕಳೆಯುತ್ತಾರೆ. ಅವನು ಮೈಗೆ ಅಂಟಿಕೊಂಡೇ ನಿಂತಿದ್ದರೆ ಮಾತ್ರ ನಿಮ್ಮ ಕಾಲಿನ ಸಂದಿಯಿಂದ ದಾಟಿಸಿ. ನಿಮ್ಮ ಕಾಲೇ ಬಾಲ್‌ಗೆ ಅಡ್ಡ ಇರುತ್ತದೆ.

1997ರ ಮಾರ್ಚ್‌ನಲ್ಲಿ ಅಲನ್ ಐವರ್ಸನ್ ಮೈಕೆಲ್ ಜೋರ್ಡನ್‌ನನ್ನು ಅಲುಗಾಡಿಸಿದ ವಿಡಿಯೊ ನೋಡಿ. ಮೊದಲು ಚಿಕ್ಕದೊಂದು ಕ್ರಾಸ್‌ಓವರ್. ಜೋರ್ಡನ್ ಕದಲುವುದು ಗೊತ್ತಾಯಿತು. ಎರಡನೆಯದು ದೊಡ್ಡದು. ಐವರ್ಸನ್ ಆಗ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಬಂದ ಮೊದಲ ವರ್ಷದ ಹುಡುಗ. ಮಜಾ ಏನೆಂದರೆ ಜೋರ್ಡನ್ ಸಾವರಿಸಿಕೊಂಡು ಶಾಟ್ ತಡೆಯಲು ಕೈ ಎತ್ತಿಯೇಬಿಟ್ಟಿದ್ದ. ಸಿಗುವ ಜಾಗ ಅಷ್ಟೇ ಚಿಕ್ಕದು.

ನೀವು ಕೊಡಗಿನವರು, ಹಾಕಿ ಆಡಿಯೇ ಇರುತ್ತೀರಿ. ಅಲ್ಲಿ ಡಾಡ್ಜ್ ಮಾಡುವಾಗ ಭುಜ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಹೋಗುತ್ತೀರಲ್ಲ, ಅದೇ ಇಲ್ಲೂ ಬೇಕು. ಒಂದು ವ್ಯತ್ಯಾಸ: ಹಾಕಿಯಲ್ಲಿ ಎಡಗೈಯವರ ಸ್ಟಿಕ್ ಇಲ್ಲ, ಇಲ್ಲಿ ಎಡಗೈ ಪಳಗದಿದ್ದರೆ ಎದುರಿನವರಿಗೆ ಬೇಗ ಗೊತ್ತಾಗುತ್ತದೆ. ಹಾಗಾಗಿ ಎಡಗೈಗೆ ಜಾಸ್ತಿ ಹೊತ್ತು ಕೊಡಿ.

ಇನ್ನೊಂದು, ಬಾಲ್‌ನ ಅಡಿಗೆ ಅಂಗೈ ಹೋಗಿ ಅದು ಕೈಯಲ್ಲಿ ನಿಂತರೆ ರೆಫ್ರಿ ಸೀಟಿ ಊದುತ್ತಾರೆ. ವಿಡಿಯೊ ನೋಡಿ ಕಲಿತವರಲ್ಲಿ ಇದು ಬಹಳ.

ಮಳೆಗಾಲದಲ್ಲಿ ನಮ್ಮ ಕೋರ್ಟ್‌ಗಳು ಪಾಚಿ ಕಟ್ಟುತ್ತವೆ, ಅಲ್ಲಿ ದಿಕ್ಕು ಬದಲಿಸಲು ಹೋಗಬೇಡಿ. ಕಾರ್ ಶೆಡ್ಡಿನ ನೆಲ ಒಣಗಿದ್ದರೆ ಸಾಕು. ಮಳೆ ನಿಂತ ಮೇಲೆ ಕಾಫಿ ಒಣಗಿಸುವ ಸಿಮೆಂಟ್ ಕಣ ಇದೆಯಲ್ಲ, ಕೊಯ್ಲು ಶುರುವಾಗುವವರೆಗೆ ಅದು ಖಾಲಿ. ತಮ್ಮನನ್ನೋ ಗೆಳೆಯನನ್ನೋ ಎದುರು ನಿಲ್ಲಿಸಿ. ಅವನು ಬಾಲ್ ಕಸಿಯುವುದು ಬೇಡ, ಪ್ರತಿ ಸಲ ಬೇರೆ ಕಾಲು ಮುಂದಿಡಲಿ. ನೀವು ಅದನ್ನು ನೋಡಿ ಕಡೆ ಆರಿಸಿ ಹೊರಡಿ. ಅದು ತಪ್ಪದೆ ಬರಲು ಶುರುವಾದ ಮೇಲೆ ಕಸಿಯಲು ಹೇಳಿ.