ಬೆಣ್ಣೆ ಕೂಡದಿದ್ದರೆ ಎಮ್ಮೆಗೆ ತಾಯಿತ ಬೇಡ

ಪ್ರಶ್ನೆ: ಬೇಸಿಗೆ ಶುರುವಾದ ಮೇಲೆ ಎಷ್ಟು ಕಡೆದರೂ ಬೆಣ್ಣೆ ಕೂಡುತ್ತಿಲ್ಲ. ಎಮ್ಮೆಗೆ ದೃಷ್ಟಿಯಾಗಿದೆ ಅನ್ನುತ್ತಾರೆ. ತಾಯಿತ ಕಟ್ಟಿಸಬೇಕೇ?
– ಓದುಗರು, ಸಿಂಧನೂರು

ಬೇಡ. ಏಪ್ರಿಲ್, ಮೇ ಬಂತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ನನಗೆ ಸಿಟ್ಟಿರುವುದು ಕೇಳುವವರ ಮೇಲಲ್ಲ, ಬಿಸಿಲನ್ನೇ ದೃಷ್ಟಿ ಎಂದು ನಂಬಿಸಿ ದುಡ್ಡು ಕೀಳುವವರ ಮೇಲೆ.

ನಿಮ್ಮ ಮೊಸರು ಬಿಸಿಯಾಗಿದೆ, ಅಷ್ಟೇ. ಹಾಲಿನ ಜಿಡ್ಡು ಸಣ್ಣ ಸಣ್ಣ ಹನಿಗಳಾಗಿರುತ್ತದೆ. ಆ ಹನಿಗಳು ಸ್ವಲ್ಪ ಗಟ್ಟಿ, ಸ್ವಲ್ಪ ಮೆತ್ತಗೆ ಇದ್ದಾಗಲೇ ಕಡೆಯುವಾಗ ಒಂದಕ್ಕೊಂದು ಅಂಟಿ ಬೆಣ್ಣೆಯಾಗುವುದು. ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಮಧ್ಯಾಹ್ನ ಕಡೆಯಲು ಕೂತರೆ ಜಿಡ್ಡು ಎಣ್ಣೆಯಂತಾಗಿ ಮಜ್ಜಿಗೆಯಲ್ಲೇ ಉಳಿಯುತ್ತದೆ. ಮೊಸರು 20 ಡಿಗ್ರಿ ಆಸುಪಾಸು ಇರಲಿ. ಹೆಪ್ಪಾದ ಮೇಲೆ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ಕಡೆ ಇಡಿ, ನಸುಕಿನಲ್ಲೇ ಕಡೆಯಿರಿ. ಫ್ರಿಜ್ ಇದ್ದರೆ ಸ್ವಲ್ಪ ಹೊತ್ತು ಅದರಲ್ಲಿಡಿ. ಬೆಣ್ಣೆ ಕಾಳುಕಾಳಾಗಿ ಕಂಡ ಕೂಡಲೇ ತಣ್ಣೀರು ಹಾಕಿ. ಗಡಿಗೆಯನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಮೊಸರು ಮೇಲೆ ಕೆಳಗೆ ಆಡಲು ಜಾಗ ಬೇಕಲ್ವಾ?

ಇಷ್ಟಾದರೂ ಕೂಡದಿದ್ದರೆ ಎಮ್ಮೆ ಈದು ಎಷ್ಟು ತಿಂಗಳಾಯಿತು ನೋಡಿ. ಬತ್ತುವ ಹೊತ್ತಿನ ಹಾಲಲ್ಲಿ ಜಿಡ್ಡಿನ ಹನಿಗಳು ತೀರಾ ಸಣ್ಣವು, ಬೇಗ ಅಂಟುವುದಿಲ್ಲ. ಇತ್ತೀಚೆಗೆ ಈದ ಎಮ್ಮೆಯ ಹಾಲು ಬೆರೆಸಿ ಹೆಪ್ಪು ಹಾಕಿ. ಮೇವಿನದೂ ಪಾಲಿದೆ. ನಮ್ಮ ಕಡೆ ಸಿಗುವ ಹತ್ತಿಕಾಳಿನ ಹಿಂಡಿ ಬೆಣ್ಣೆಯನ್ನು ಗಟ್ಟಿ ಮಾಡುತ್ತದೆ, ಬೇಸಿಗೆಗೆ ಅದು ಅನುಕೂಲವೇ.

ಪ್ರಶ್ನೆ: ಎಮ್ಮೆ ಬೆಣ್ಣೆ ಬೆಳ್ಳಗಿದೆ. ಕಲಬೆರಕೆಯೇ?
– ಓದುಗರು, ಗಂಗಾವತಿ

ಅಲ್ಲ. ಹಸಿರು ಮೇವಿನ ಹಳದಿ ಬಣ್ಣ ಆಕಳ ಹಾಲಿಗೆ ಇಳಿಯುತ್ತದೆ, ಎಮ್ಮೆ ಹಾಲಿಗೆ ಇಳಿಯುವುದಿಲ್ಲ.

ಪ್ರಶ್ನೆ: ಸುಟ್ಟ ಗಾಯಕ್ಕೆ ಬೆಣ್ಣೆ ಹಚ್ಚಬಹುದೇ?
– ಓದುಗರು, ಕುಷ್ಟಗಿ

ಖಂಡಿತ ಬೇಡ. 20 ನಿಮಿಷ ತಣ್ಣನೆ ನೀರು ಬಿಡಿ, ದವಾಖಾನೆಗೆ ಹೋಗಿ.

ಪ್ರಶ್ನೆ: ಹಾಲು ಕಾಯಿಸದೆ ಹೆಪ್ಪು ಹಾಕಿದರೆ ಬೆಣ್ಣೆಗೆ ರುಚಿ ಜಾಸ್ತಿಯಂತೆ. ನಿಜವೇ?
– ಓದುಗರು, ಸಿರುಗುಪ್ಪ

ರುಚಿಯ ಮಾತು ಆಮೇಲೆ. ಬ್ರುಸೆಲ್ಲಾ ರೋಗ ಎಮ್ಮೆ, ಆಕಳು ಕಂದು ಹಾಕುವಂತೆ ಮಾಡುತ್ತದೆ. ಹಸಿ ಹಾಲಿನಿಂದ ಅದು ಮನುಷ್ಯರಿಗೂ ಬರುತ್ತದೆ. ಹಸಿ ಹಾಲಿನ ಬೆಣ್ಣೆಯಲ್ಲೂ ಆ ರೋಗಾಣು ಬದುಕಿರಬಲ್ಲದು. ಸುಮ್ನೆ ಹೆದರಿಸುತ್ತಿಲ್ಲ. ಹಾಲು ಉಕ್ಕುವ ತನಕ ಕಾಯಿಸಿ, ಆರಿಸಿ, ಆಮೇಲೆ ಹೆಪ್ಪು ಹಾಕಿ. ಮನೆಯಲ್ಲಿ ಯಾರಿಗಾದರೂ ಬಿಟ್ಟು ಬಿಟ್ಟು ಜ್ವರ, ಕೀಲುನೋವು ಬರುತ್ತಿದ್ದರೆ ನಾವು ದನ ಸಾಕಿದ್ದೇವೆ, ಹಸಿ ಹಾಲು ಬಳಸಿದ್ದೇವೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.