ಆರ್‌ಸಿ ಹೆಲಿಕಾಪ್ಟರಿನ ಬಾಲ ನಡುಗ್ತಿದೆ, ಹೊಸ ಜೈರೋ ಹಾಕಬೇಕಾ?

ಪ್ರಶ್ನೆ ಇಷ್ಟು: ನೀವು ಪುಣೆಯ ಕೋತ್ರೂಡ್‌ನಲ್ಲಿದ್ದೀರಿ, ರಿಮೋಟಿನಲ್ಲಿ ಹಾರಿಸುವ 450 ಸೈಜಿನ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಹೆಲಿ ತಗೊಂಡಿದ್ದೀರಿ, ಹೋವರ್‌ನಲ್ಲಿ (ಗಾಳಿಯಲ್ಲಿ ಒಂದೇ ಕಡೆ ನಿಂತಾಗ) ಬಾಲ ಪಟಪಟ ನಡುಗುತ್ತದೆ, ಜೈರೋ (ಬಾಲ ತಿರುಗಿದ್ದನ್ನು ಗ್ರಹಿಸಿ ತಾನೇ ತಿದ್ದುವ ಸಾಧನ) ಬದಲಿಸಬೇಕಾ ಅಂತ. ಈಗಲೇ ಬೇಡ. ಇಂಥ ನಡುಕದಲ್ಲಿ ಜೈರೋ ಸುಮ್ನೆ ಬೈಸಿಕೊಳ್ಳುವುದೇ ಜಾಸ್ತಿ.

ಮೊದಲು ಬ್ಯಾಟರಿ ತೆಗೆದು, ಟೇಲ್ ಸರ್ವೋದಿಂದ (ಬಾಲದ ಬ್ಲೇಡುಗಳ ಕೋನ ಬದಲಿಸುವ ಪುಟ್ಟ ಮೋಟರ್) ಪುಶ್‌ರಾಡ್ (ಅಲ್ಲಿಂದ ಬಾಲಕ್ಕೆ ಹೋಗುವ ಕಡ್ಡಿ) ಕಳಚಿ. ರಾಡನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ. ಎಲ್ಲೂ ತಡೆಯದೆ ಜಾರಬೇಕು. ಬಾಲ್ ಲಿಂಕ್ (ರಾಡಿನ ತುದಿಯ ಗುಂಡು ಕೀಲು) ಬಿಗಿಯಾಗಿದ್ದರೆ ಅಥವಾ ಟೇಲ್ ಸ್ಲೈಡರ್‌ನಲ್ಲಿ (ಜಾರಿ ಬ್ಲೇಡಿನ ಕೋನ ಬದಲಿಸುವ ಭಾಗ) ಧೂಳು ಕೂತಿದ್ದರೆ ಏನಾಗುತ್ತದೆ ನೋಡಿ: ಜೈರೋ ಸ್ವಲ್ಪ ತಿದ್ದು ಅನ್ನುತ್ತದೆ, ಸ್ಲೈಡರ್ ಅಲ್ಲಾಡುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿದು ಜಾಸ್ತಿ ಹೋಗುತ್ತದೆ. ಜೈರೋ ಮತ್ತೆ ವಾಪಸ್ ಎಳೆಯುತ್ತದೆ. ನಿಮಗೆ ಕಾಣುವ ನಡುಕ ಅದೇ ಇರಬಹುದು. ಎಷ್ಟೇ ದುಬಾರಿ ಜೈರೋ ಹಾಕಿದರೂ ಅದು ಹೋಗುವುದಿಲ್ಲ.

ಇದು ಸರಿಯಿದ್ದರೆ ಜೈರೋವನ್ನು ರೇಟ್ ಮೋಡ್‌ಗೆ (ತಿರುಗುವ ವೇಗವನ್ನಷ್ಟೇ ತಡೆಯುವ ಮೋಡ್) ಹಾಕಿ. ಹೆಡಿಂಗ್ ಹೋಲ್ಡ್‌ನಲ್ಲಿ (ಮೂತಿಯ ದಿಕ್ಕನ್ನೇ ಹಿಡಿದಿಡುವ ಮೋಡ್) ಸೆಟಪ್ ಮಾಡಬೇಡಿ, ಅದು ತಪ್ಪುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಸರ್ವೋ ಆರ್ಮ್ ರಾಡಿಗೆ 90 ಡಿಗ್ರಿ ಇರಲಿ. ಮೇನ್ ರೋಟರಿನ ಟಾರ್ಕ್ ತಡೆಯಲು ಟೇಲ್ ಬ್ಲೇಡಿಗೆ ಸ್ವಲ್ಪ ಪಿಚ್ (ಓರೆ ಕೋನ) ಬೇಕು. ಹೋವರ್‌ನಲ್ಲಿ ಮೂತಿ ಒಂದು ಕಡೆಗೆ ತಿರುಗುತ್ತಿದ್ದರೆ ರೇಡಿಯೋದ ಟ್ರಿಮ್ (ಸಣ್ಣ ಹೊಂದಾಣಿಕೆಯ ಗುಂಡಿ) ಮುಟ್ಟದೆ ರಾಡಿನ ಉದ್ದ ಬದಲಿಸಿ. ರೇಡಿಯೋದಲ್ಲಿ ರೆವೊ ಮಿಕ್ಸಿಂಗ್ (ಥ್ರಾಟಲ್ ಜೊತೆ ಬಾಲದ ಪಿಚ್ಚನ್ನೂ ತಾನೇ ಬದಲಿಸುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ. ಆಮೇಲೆ ಹೆಡಿಂಗ್ ಹೋಲ್ಡ್.

ಈಗ ಗೇನ್, ಅಂದರೆ ಜೈರೋ ಎಷ್ಟು ಜೋರಾಗಿ ತಿದ್ದಬೇಕು ಅನ್ನುವುದು. ಸ್ವಲ್ಪ ಸ್ವಲ್ಪವೇ ಏರಿಸಿ. ಬಾಲ ವೇಗವಾಗಿ ನಡುಗಲು ಶುರುವಾದರೆ ಒಂದೆರಡು ಹೆಜ್ಜೆ ಇಳಿಸಿ, ಅಲ್ಲೇ ಬಿಡಿ. ಐಡಲ್ ಅಪ್‌ನಲ್ಲಿ (ಕಡ್ಡಿ ಎಲ್ಲಿದ್ದರೂ ರೋಟರ್ ವೇಗ ಜಾಸ್ತಿಯೇ ಇಡುವ ಮೋಡ್) ಟೇಲ್ ರೋಟರೂ ಜೋರಾಗಿ ತಿರುಗುತ್ತದೆ, ಹಾಗಾಗಿ ಅಲ್ಲಿಗೆ ಬೇರೆಯಾಗಿ ಕಡಿಮೆ ಗೇನ್ ಇಡಿ. ತುಂಬಾ ಕಡಿಮೆ ಗೇನ್‌ನಲ್ಲೇ ನಡುಗಿದರೆ ಸರ್ವೋ ನಿಧಾನವಿದೆ, ಇಲ್ಲಾ ಆರ್ಮ್‌ನಲ್ಲಿ ಬಾಲ್ ತೀರಾ ಹೊರಗಿದೆ ಅಂತ ಅನುಮಾನ ಪಡಿ.

ದುಡ್ಡು ಹಾಕುವುದಾದರೆ ಮೊದಲು ವೇಗದ ಡಿಜಿಟಲ್ ಟೇಲ್ ಸರ್ವೋಗೆ ಹಾಕಿ. ಒಂದು ಎಚ್ಚರ: ಸರ್ವೋ ಸೆಂಟರ್ ಪಲ್ಸ್ (ಸರ್ವೋ ನಡುವಿನಲ್ಲಿ ನಿಲ್ಲಲು ಬೇಕಾದ ಸಿಗ್ನಲಿನ ಅವಧಿ) 1520 ಮೈಕ್ರೋಸೆಕೆಂಡಿನದೋ 760ರದೋ ನೋಡಿ, ಜೈರೋದಲ್ಲೂ ಅದನ್ನೇ ಇಡಿ. 1520ರ ಸರ್ವೋಗೆ 760 ಕೊಟ್ಟರೆ ಅದು ಒಂದು ತುದಿಗೆ ಹೋಗಿ ಒತ್ತುತ್ತಲೇ ಇರುತ್ತದೆ, ಸುಟ್ಟೂ ಹೋಗಬಹುದು. ನಿಮ್ಮ ಜೈರೋ ಫುಟಾಬಾ ಜಿವೈ401 ಆಗಿದ್ದರೆ ಡಿಎಸ್ ಸ್ವಿಚ್ ಡಿಜಿಟಲ್ ಸರ್ವೋಗೆ ಮಾತ್ರ. ಅನಲಾಗ್ ಸರ್ವೋ ಆದರೆ ಆಫ್.

ಬೆಲ್ಟ್ ಡ್ರೈವ್ ಬಾಲವಾ? ಹಾಗಾದರೆ ಮಳೆಗಾಲದಲ್ಲಿ ಸುಮ್ಮನಿದ್ದು ಪುಣೆಯ ಒಣ ಹವೆಯಲ್ಲಿ ಮಾತ್ರ ಬಾಲ ಆಗಾಗ ಬೆಚ್ಚಿಬೀಳುತ್ತಾ ನೋಡಿ. ಬೆಲ್ಟ್ ಉಜ್ಜಿ ಸ್ಟ್ಯಾಟಿಕ್ (ಸ್ಥಾಯಿ ವಿದ್ಯುತ್) ಕೂಡುತ್ತದೆ, ಅದು ಸಿಡಿದಾಗ ಬಾಲ ಬೆಚ್ಚುತ್ತದೆ. ಅದು ಹರಿದುಹೋಗಲು ಟೇಲ್ ಬೂಮಿನಿಂದ (ಬಾಲದ ಉದ್ದ ಕೊಳವೆ) ಮೋಟರ್ ಮೌಂಟಿಗೆ ಒಂದು ವೈರ್ ಎಳೆದರೆ ಸಾಕು. ವೈರು, ಹೀಟ್ ಶ್ರಿಂಕ್ ಎಲ್ಲ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ಸಿಗುತ್ತದೆ. ಟೇಲ್ ಸರ್ವೋ ಹುಡುಕಿ ಅಲ್ಲಿ ಅಲೆಯಬೇಡಿ.

ಇಷ್ಟೆಲ್ಲ ಆದ ಮೇಲೂ ಜೈರೋ ಬದಲಿಸಲೇಬೇಕಾದರೆ ಬರೀ ಟೇಲ್ ಜೈರೋ ಕೊಳ್ಳಬೇಡಿ. ಫ್ಲೈಬಾರ್‌ಲೆಸ್ ಯೂನಿಟ್ (ರೋಟರಿನ ಸಮತೋಲನದ ಕಡ್ಡಿ ಇಲ್ಲದೆಯೇ ಹೆಲಿಯನ್ನು ಸ್ಥಿರವಾಗಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ತಗೊಳ್ಳಿ, ಬಾಲದ ಜೈರೋ ಅದರೊಳಗೇ ಇರುತ್ತದೆ. ರೋಟರ್ ಹೆಡ್ ಕೂಡ ಬದಲಾಗುತ್ತದೆ, ಖರ್ಚು ಇದೆ. ಯಾವುದೇ ಹಾಕಿದರೂ ಮೊದಲ ಸಲ ಹಾರಿಸುವ ಮುಂಚೆ ಮೂತಿಯನ್ನು ಕೈಯಿಂದ ಎಡಕ್ಕೆ ತಿರುಗಿಸಿ. ರಡ್ಡರ್ ಕಡ್ಡಿ ಬಲಕ್ಕೆ ಒತ್ತಿದಾಗ ಸರ್ವೋ ಎತ್ತ ಹೋಗುತ್ತದೋ ಈಗಲೂ ಅತ್ತಲೇ ಹೋಗಬೇಕು. ಉಲ್ಟಾ ಹೋದರೆ ಹೆಲಿ ಏಳುತ್ತಲೇ ಬುಗುರಿ ಆಗುತ್ತದೆ.

ಹಾರಿಸುವ ಜಾಗವನ್ನು ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರಿ ನಕ್ಷೆ) ಒಮ್ಮೆ ನೋಡಿಕೊಳ್ಳಿ. ಲೋಹೆಗಾಂವ್ ವಾಯುಪಡೆ ನೆಲೆ ಇರೋ ಊರಲ್ವಾ.