ಪಿಎಚ್‌ಡಿ ವಸ್ತುವನ್ನು ನಾಟಕ ಮಾಡಲು ಕಾಲೇಜಿನ ಕೆಲಸ ಬಿಡಬೇಕೆ?

ಪಿಎಚ್‌ಡಿ ವಸ್ತುವಿನ ಮೇಲೆ ನಾಟಕದ ಮೊದಲ ದೃಶ್ಯ ಬರೆದಿದ್ದೀರಿ, ಈಗ ಕಾಲೇಜಿನ ಕೆಲಸವೋ ರಂಗಭೂಮಿಯೋ ಎಂದು ಕೇಳಿದ್ದೀರಿ. ಕೆಲಸ ಬಿಡಬೇಡಿ. ಇತಿಹಾಸ ಪಾಠ ಮಾಡುತ್ತಾ ಹನ್ನೊಂದು ವರ್ಷವಾದಾಗ ನಾನೂ ನಿಮ್ಮ ಹಾಗೇ ಯೋಚಿಸಿ, ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ ಬರೆಯಲು ಕೂತೆ. ನಾಟಕ ಬಿದ್ದುಹೋಯಿತು. ಸಮಯ ಸಾಲದೆ ಬಿದ್ದದ್ದಲ್ಲ.

ನನ್ನ ಪ್ರಬಂಧ ಹಳೇ ಮೈಸೂರಿನ ಕೆರೆ ನೀರಾವರಿಯದು. ನಾಟಕಕ್ಕೆ 1876–78ರ ಬರವನ್ನು ಆರಿಸಿಕೊಂಡೆ, ಜನ ಧಾತು ಈಶ್ವರ ಬರ ಅನ್ನುತ್ತಾರಲ್ಲ, ಅದು. ಬತ್ತುತ್ತಿರುವ ಕೆರೆ, ರಾತ್ರಿ ಕದ್ದು ತೂಬು (ಕೆರೆಯ ನೀರು ಬಿಡುವ ಕಂಡಿ) ಎತ್ತುವ ನೀರುಗಂಟಿ, ಅಂದರೆ ಗದ್ದೆಗಳಿಗೆ ನೀರು ಹಂಚುವವನು, ಲೆಕ್ಕ ಬರೆಯುವ ಶಾನುಭೋಗ. ಮೊದಲ ದೃಶ್ಯದಲ್ಲಿ ಶಾನುಭೋಗ ಹೆಂಡತಿಗೆ ಎಲ್ಲ ವಿವರಿಸುತ್ತಾನೆ: 1831ರಿಂದ ಸಂಸ್ಥಾನ ಬ್ರಿಟಿಷ್ ಕಮಿಷನರ ಕೈಯಲ್ಲಿದೆ, ಮಳೆ ಎಲ್ಲೆಲ್ಲಿ ಕೈಕೊಟ್ಟಿತು, ಕಂದಾಯ ಯಾಕೆ ನಿಲ್ಲುತ್ತಿಲ್ಲ. ನಾಲ್ಕು ಪುಟ. ಓದಿಸಿ ಗಡಿಯಾರ ನೋಡಿದರೆ ಒಂಬತ್ತು ನಿಮಿಷ. ಹೆಂಡತಿ ಪಾತ್ರದ ಹುಡುಗಿ ಕೇಳಿದಳು: "ಇಷ್ಟು ಹೊತ್ತು ನಾನೇನು ಮಾಡ್ಲಿ ಸಾರ್?"

ಆ ಪ್ರಶ್ನೆಯಲ್ಲೇ ತಪ್ಪು ಇತ್ತು, ನನಗೆ ಕಾಣಲಿಲ್ಲ. ಮಾತು ಉದ್ದವಾಯಿತು ಅಂದುಕೊಂಡು ಕತ್ತರಿಸಿದೆ. ಐದು ನಿಮಿಷಕ್ಕಿಳಿದರೂ ಅಷ್ಟೇ ಸಪ್ಪೆ. ಆಮೇಲೆ ಅವಳ ಬಾಯಲ್ಲಿ "ಹಾಗಂದರೇನು?", "ಆಮೇಲೆ?" ಎಂದು ತುರುಕಿದೆ. ಅವಳು ಹೆಂಡತಿ ಹೋಗಿ ವಿದ್ಯಾರ್ಥಿನಿ ಆದಳು. ಕೈಗೊಂದು ಮೊರ ಕೊಟ್ಟೆ, ಕೇರುವ ಸದ್ದಿನಲ್ಲಿ ಮಾತೇ ಕೇಳಿಸಲಿಲ್ಲ. ಕೊನೆಗೆ ಅಷ್ಟನ್ನೂ ಭಾಗವತನಿಗೆ, ಅಂದರೆ ಹಾಡಿ ಕತೆ ನಡೆಸುವವನಿಗೆ, ವರ್ಗಾಯಿಸಿದೆ. ಊರಿನ ಜಗಳದಲ್ಲಿ ಭಾಗವತನಿಗೆ ಯಾವ ಪಾಲೂ ಇರಲಿಲ್ಲ, ಹಾಗಾಗಿ ಅದು ನಿಂತು ಹೇಳುವ ಪಾಠವೇ ಆಯಿತು.

ಇಬ್ಬರಿಗೂ ಗೊತ್ತಿರುವುದನ್ನು ಒಬ್ಬ ಇನ್ನೊಬ್ಬಳಿಗೆ ಹೇಳುತ್ತಿದ್ದಾನೆ. ತಪ್ಪು ಇಷ್ಟೇ. ಬರದ ಊರಲ್ಲಿ ಬರ ಬಂದಿದೆ ಅಂತ ಯಾರೂ ಯಾರಿಗೂ ಹೇಳುವುದಿಲ್ಲ. ಹೇಳುವವನಿಗೆ ಕೇಳುವವಳಿಂದ ಏನೋ ಬೇಕಿರಬೇಕು, ಅವಳು ಅದನ್ನು ಕೊಡಲು ಒಪ್ಪಬಾರದು. ನಾವು ತರಗತಿಯಲ್ಲಿ ವರ್ಷಗಟ್ಟಲೆ ಇದಕ್ಕೆ ಉಲ್ಟಾ ರೂಢಿ ಮಾಡಿಕೊಂಡಿರುತ್ತೇವೆ: ಗೊತ್ತಿಲ್ಲದವರಿಗೆ ಗೊತ್ತಿರುವವನು ಹೇಳುವುದು. ಆ ರೂಢಿ ರಜೆ ಹಾಕಿದರೆ ಹೋಗುವುದಿಲ್ಲ, ಮನೆಯಲ್ಲಿ ಒಬ್ಬನೇ ಕೂತರೆ ಇನ್ನೂ ಗಟ್ಟಿಯಾಗುತ್ತದೆ.

ಈಗಿನ ದೃಶ್ಯ ಹೀಗಿದೆ. ಅವಳು ಪಾವಿನಲ್ಲಿ ಅಕ್ಕಿ ಗೋಪುರವಾಗಿ ತುಂಬುತ್ತಾಳೆ, ಒಂದು ಕ್ಷಣ ತಡೆದು ಅಂಗೈಯಿಂದ ಪಾವಿನ ತಲೆ ಸವರುತ್ತಾಳೆ, ಮಿಕ್ಕಿದ್ದು ಮಡಕೆಗೆ ವಾಪಸ್ಸು. ಶಾನುಭೋಗ ಕಡತದಿಂದ ತಲೆ ಎತ್ತದೆ, "ನಿನ್ನೆ ತುಂಬಿ ಹಾಕಿದ್ದೆ." ಅವಳು, "ನಿನ್ನೆ ನೀರುಗಂಟಿ ಮಗ ಬಾಗಿಲಿಗೆ ಬಂದಿರಲಿಲ್ಲ." ಬರ, ಜಾತಿ, ಇಬ್ಬರ ಮನಸ್ತಾಪ ಎಲ್ಲಾ ಅರ್ಧ ನಿಮಿಷದೊಳಗೆ ಮುಗಿಯಿತು. 1831 ಎಲ್ಲೂ ಇಲ್ಲ.

ಇದು ಹೊಳೆಯುವ ಹೊತ್ತಿಗೆ ನಾಟಕ ಆಡಬೇಕಿದ್ದ ತಂಡ ಅದನ್ನು ಕೈಬಿಟ್ಟಿತ್ತು. ಅವರಿಗಿದ್ದ ಅವಧಿ ತೊಂಬತ್ತು ನಿಮಿಷ, ನನ್ನ ಎಪ್ಪತ್ತು ಪುಟ ಓದಿಗೇ ಎರಡು ಗಂಟೆ ನಲವತ್ತು ನಿಮಿಷ ತಿಂದಿತು. ಹಸ್ತಪ್ರತಿ ಎರಡು ವರ್ಷ ಕಪಾಟಿನಲ್ಲಿ ಬಿತ್ತು. ನನ್ನ ಅಳತೆ ಹೇಳಿಬಿಡುತ್ತೇನೆ: ದಟ್ಟ ಮಾತಿನ ಟೈಪಾದ ಎ4 ಪುಟಕ್ಕೆ ಎರಡೂಕಾಲು ನಿಮಿಷ, ಚುಟುಕು ಸಂಭಾಷಣೆಯ ಪುಟಕ್ಕೆ ಒಂದೂಕಾಲು, ಅದರ ಮೇಲೆ ನಡೆ, ಹಾಡು, ಬೆಳಕಿನ ಬದಲಾವಣೆ. ನೀರುಗಂಟಿ ಪಾತ್ರದವನೇ ಅಮಲ್ದಾರನಾಗಿ (ತಾಲ್ಲೂಕಿನ ಕಂದಾಯ ಅಧಿಕಾರಿಯಾಗಿ) ಬರಬೇಕಿತ್ತು, ನಾನು ನಡುವೆ ಮೂರು ಸಾಲು ಬಿಟ್ಟಿದ್ದೆ. ಕಚ್ಚೆ ಕಟ್ಟಿ ಕೋಟು, ಪೇಟ ಹಾಕಲು ಎರಡು ನಿಮಿಷವಾದರೂ ಬೇಕು. ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ, ಪರದೆ ಹಿಂದೆ ನಿಂತರೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

"ಕೆಲಸವೋ ರಂಗಭೂಮಿಯೋ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಶ್ರೀರಂಗರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡುತ್ತಲೇ ನಾಟಕ ಬರೆದವರು. ಕಂಬಾರರು ಅಧ್ಯಾಪಕರಾಗಿದ್ದಾಗಲೇ 'ಜೋಕುಮಾರಸ್ವಾಮಿ' ಬಂತು. ಬಯಲಾಟ ಅವರಿಗೆ ಸಂಶೋಧನೆಯ ವಸ್ತುವೂ ಹೌದು, ನಾಟಕದ ಮೈಕಟ್ಟೂ ಹೌದು. ಲಂಕೇಶರು ಇಂಗ್ಲಿಷ್ ಅಧ್ಯಾಪನ ಬಿಟ್ಟರು ನಿಜ, ಆದರೆ ಬಿಟ್ಟು ಶುರುಮಾಡಿದ್ದು ಪತ್ರಿಕೆ, 1980ರಲ್ಲಿ. ಅವರ 'ಸಂಕ್ರಾಂತಿ' ನಾಟಕ ಅದಕ್ಕೂ ಹಿಂದಿನದು. ನಿಮಗೆ ಹೆಚ್ಚು ಉಪಯೋಗವಾಗುವುದು ಮರಾಠಿಯ ನಾಟಕಕಾರ ಗೋ.ಪು. ದೇಶಪಾಂಡೆ. ದೆಹಲಿಯ ಜೆಎನ್‌ಯು (ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ)ನಲ್ಲಿ ಚೀನಾ ಅಧ್ಯಯನದ ಪ್ರಾಧ್ಯಾಪಕರಾಗಿದ್ದವರು. 'ಉಧ್ವಸ್ತ ಧರ್ಮಶಾಳಾ' ನಾಟಕದಲ್ಲಿ ವಿಶ್ವವಿದ್ಯಾಲಯದ ವಿಚಾರಣಾ ಸಮಿತಿಯೆದುರು ಒಬ್ಬ ಪ್ರೊಫೆಸರನನ್ನು ಕೂರಿಸಿದರು. ವಿಚಾರಣೆ ಅಂದಮೇಲೆ ಕೇಳುವವರಿಗೂ ಏನೋ ಬೇಕು, ಹೇಳುವವನಿಗೂ ಏನೋ ಉಳಿಸಿಕೊಳ್ಳಬೇಕು, ಹಾಗಾಗಿ ವಾದ, ಸಿದ್ಧಾಂತ ಎಷ್ಟು ಬಂದರೂ ಭಾಷಣವಾಗುವುದಿಲ್ಲ.

ಹಾಗಾಗಿ ರಾಜೀನಾಮೆ ಬದಲು ನಿಮ್ಮೂರಿನ ಯಾವುದಾದರೂ ಹವ್ಯಾಸಿ ತಂಡದಲ್ಲಿ ಪ್ರಾಂಪ್ಟರ್ ಆಗಿ, ಅಂದರೆ ನಟರು ಮರೆತ ಸಾಲನ್ನು ಪರದೆ ಹಿಂದಿನಿಂದ ಹೇಳಿಕೊಡುವವರು. ತಾಲೀಮು ಸಾಮಾನ್ಯವಾಗಿ ಸಂಜೆಯೇ ಇರುತ್ತದೆ, ತರಗತಿಗೆ ಅಡ್ಡಿಯಿಲ್ಲ. ಒಂದು ನಾಟಕವನ್ನು ಮೊದಲ ಓದಿನಿಂದ ಪ್ರದರ್ಶನದವರೆಗೆ, ಒಂದು ದಿನವೂ ತಪ್ಪಿಸದೆ ನೋಡಿ. ನಟ ಯಾವ ಸಾಲನ್ನು ಮತ್ತೆ ಮತ್ತೆ ಮರೆಯುತ್ತಾನೆ ಅಂತ ಗುರುತು ಹಾಕಿಕೊಳ್ಳಿ, ಎಷ್ಟೋ ಸಲ ಆ ಸಾಲಿಗೆ ಹಿಂದಿನ ಸಾಲಿನ ಜೊತೆ ಸಂಬಂಧವೇ ಇರುವುದಿಲ್ಲ. ನಿಮ್ಮ ಕರಡಿನಲ್ಲಿ ಇಸವಿ, ಅಂಕಿ, ಊರಿನ ಹೆಸರು ಬಂದ ಕಡೆಯೆಲ್ಲ ಕೆಂಪು ಪೆನ್ಸಿಲಿನಲ್ಲಿ ಸುತ್ತಿ, ಪಕ್ಕದಲ್ಲಿ "ಇದು ಯಾರಿಗೆ ಗೊತ್ತಿಲ್ಲ?" ಎಂದು ಬರೆಯಿರಿ. ಉತ್ತರ "ಪ್ರೇಕ್ಷಕರಿಗೆ" ಅಂತ ಬಂದರೆ ಹೊಡೆದುಹಾಕಿ.

ಸಂಶೋಧನೆ ವ್ಯರ್ಥವಾಗುವುದಿಲ್ಲ, ಅದಕ್ಕೊಂದು ಬೇರೆ ನೋಟ್‌ಬುಕ್ ಇಡಿ. ರಂಗಸಜ್ಜಿಕೆಯವರು ನನ್ನನ್ನು ಕೇಳಿದ್ದು ಕಂದಾಯದ ದರವನ್ನಲ್ಲ. ತೂಬಿನ ಬಿರಡೆ ಎಷ್ಟು ದಪ್ಪ, ಒಬ್ಬನೇ ಎತ್ತಬಹುದೇ, ಎತ್ತುವಾಗ ಸದ್ದಾಗುತ್ತದೆಯೇ? ಮೂರನೆಯದಕ್ಕೆ ಉತ್ತರ ಹುಡುಕಲು ಕೆರೆ ಏರಿ ಮೇಲೆ ಹೋಗಿ ಕೂತೆ, ನನ್ನ ಎರಡನೇ ದೃಶ್ಯ ಹುಟ್ಟಿದ್ದು ಅಲ್ಲಿಂದ.

ಮೊದಲ ದೃಶ್ಯ ಬರೆದಾಗಿದೆ ಅಂದಿದ್ದೀರಿ. ನಾಲ್ಕು ಜನರನ್ನು ಕರೆದು ಓದಿಸಿ. ನೀವು ಓದಬೇಡಿ, ಅರ್ಥವನ್ನೂ ಹೇಳಬೇಡಿ, ಗಡಿಯಾರ ಹಿಡಿದು ಮೂಲೆಯಲ್ಲಿ ಕೂತಿರಿ.